ಟ್ಯಾಂಕಿಗೆ ಮೂರು ನೀರು

ಆ ವರ್ಷ ಹಿಲ್ಸ್‌ಬರೋದ ಆ ಒಂದೇ ಬೀದಿಯಲ್ಲಿ ಗಂಡ ಊರಲ್ಲಿಲ್ಲದ ಹೆಂಗಸರು ಮೂರ್ನಾಲ್ಕು ಜನ ಇದ್ದರು. ಕೆಲಸ ಎಲ್ಲಿ ಸಿಕ್ಕಿತೋ ಅಲ್ಲಿ ಗಂಡ, ಮಾರಿಹೋಗದ ಮನೆ ಎಲ್ಲಿತ್ತೋ ಅಲ್ಲಿ ಹೆಂಡತಿ. ಸಾಲುಸಾಲಾಗಿ ಕೆಲಸಗಳು ಹೋಗುತ್ತಿದ್ದ 2009ರ ನ್ಯೂಜೆರ್ಸಿಯಲ್ಲಿ ಇದೇನು ಹೇಳಿಕೊಂಡು ಅಳುವಂಥ ಸಂಗತಿಯಾಗಿರಲಿಲ್ಲ. ಅತ್ತರೆ ಪಕ್ಕದ ಮನೆಯವಳು ತನ್ನದನ್ನೂ ಹೇಳಿಕೊಂಡು ಅಳುತ್ತಿದ್ದಳು, ಅಷ್ಟೆ. ಸುರಯ್ಯಾಳ ಗಂಡ ಮಂಜೂರ್ ಬಾಸ್ಕಿಂಗ್ ರಿಡ್ಜ್‌ನ ಕಂಪನಿಯೊಂದರಲ್ಲಿ ಬಹುಕಾಲ ದುಡಿದು, ಒಂದು ಶುಕ್ರವಾರ ಮಧ್ಯಾಹ್ನ ತನ್ನ ಮೇಜಿನ ಮೇಲಿದ್ದ ಕುಂಡದ ಗಿಡವನ್ನೂ ಕಾಫಿ ಬಟ್ಟಲನ್ನೂ ರಟ್ಟಿನ ಪೆಟ್ಟಿಗೆಯಲ್ಲಿಟ್ಟುಕೊಂಡು ಮನೆಗೆ ಬಂದ. ಚಳಿಗಾಲ ಕಳೆಯುವಷ್ಟರಲ್ಲಿ ನೆಬ್ರಾಸ್ಕಾದ ಒಮಾಹಾದಲ್ಲಿ ಕಾಂಟ್ರ್ಯಾಕ್ಟ್ ಕೆಲಸವೊಂದು ಸಿಕ್ಕಿತು. ಮಗಳು ಯುಸ್ರಾ ಹೈಸ್ಕೂಲಿನ ಕೊನೆಯ ವರ್ಷಕ್ಕೆ ಕಾಲಿಡುವವಳು. ಅವಳನ್ನು ಶಾಲೆ ಬಿಡಿಸಿ ಕರೆದೊಯ್ಯುವ ಹಾಗಿರಲಿಲ್ಲ. ಮನೆಯನ್ನು ಕೇಳುವವರೂ ಇರಲಿಲ್ಲ. ಗಂಡ ಸೂಟ್‌ಕೇಸ್ ಹಿಡಿದು ಹೊರಟ, ಸುರಯ್ಯಾ ಉಳಿದಳು. ಜೊತೆಗೆ ಗ್ಯಾರೇಜಿನಲ್ಲಿ ಒಂದು ಹಳೆಯ ಫಿಯೆಟ್ ಕಾರೂ ಉಳಿಯಿತು.

ಈ ಫಿಯೆಟ್ಟಿನ ಕಥೆ ಹೇಳದೆ ಸುರಯ್ಯಾಳ ಕಥೆ ಹೇಳಲು ಬರುವುದಿಲ್ಲ. ಅವಳ ನಿಕಾಹ್ ಆದದ್ದು 1986ರಲ್ಲಿ, ಮೈಸೂರಿನಲ್ಲಿ. ಲಷ್ಕರ್ ಮೊಹಲ್ಲಾದ ತವರುಮನೆಯಿಂದ ಉದಯಗಿರಿಯ ಗಂಡನ ಮನೆಗೆ ಹೊರಟ ಮದುಮಗಳಿಗೆಂದು ಡಾಕ್ಟರೊಬ್ಬರು ತಮ್ಮ ಫಿಯೆಟ್ ಕೊಟ್ಟಿದ್ದರು. ಅತ್ತು ಅತ್ತು ಮೂಗು ಕೆಂಪಾದ ಸುರಯ್ಯಾ ಮುಸುಕಿನೊಳಗೆ ಕುಳಿತಿದ್ದಳು. ಪಕ್ಕದಲ್ಲಿ ಗಂಡ ಎಂಬುವನು ಇದ್ದಾನೆ ಎಂಬುದು ಅತ್ತರಿನ ವಾಸನೆಯಿಂದ ಮಾತ್ರ ಗೊತ್ತು. ಅವನು ಅದುವರೆಗೆ ಒಂದು ಮಾತೂ ಆಡಿರಲಿಲ್ಲ. ಫೌಂಟನ್ ಸರ್ಕಲ್ ಹತ್ತಿರ ಕಾರು ಎರಡು ಸಲ ಕೆಮ್ಮಿ ನಿಂತಿತು. ಮದುಮಗ ಶೇರ್ವಾನಿಯಲ್ಲೇ ಇಳಿದು ಹೋದ. ಆಮೇಲೆ ಹೊರಗಿನಿಂದ ಒಂದು ಧ್ವನಿ ಕೇಳಿಸಿತು. ಮೆಲ್ಲಗಿನ, ಒಳಗೊಳಗೇ ನಗುವಿಟ್ಟುಕೊಂಡ ಗಂಡು ಧ್ವನಿ. ಸೈಕಲ್ ಅಂಗಡಿಯ ಯಾರಿಗೋ ಅದು ಕನ್ನಡದಲ್ಲಿ ಹೇಳುತ್ತಿತ್ತು: "ಟ್ಯಾಂಕಲ್ಲಿ ತುಕ್ಕು ಕಣಣ್ಣ. ಪೆಟ್ರೋಲ್ ಇಳೀತಿಲ್ಲ. ಒಂಚೂರು ತಳ್ತೀರಾ? ಒಳಗೆ ಹೊಸ ಮದುಮಗಳು ಇದಾಳೆ, ಹೆದರ್ಕೊಂಡಿರ್ತಾಳೆ."

ಗಂಡನ ಧ್ವನಿಯನ್ನು ಅವಳು ಮೊದಲು ಕೇಳಿದ್ದು ಹೀಗೆ. ಹೆದರಿದ್ದವಳಿಗೆ ಆ ಮಾತು ಕೇಳಿದ ಮೇಲೆ ಹೆದರಿಕೆ ಹೋಯಿತು. ಮನೆ ಸೇರಿದ ಮೇಲೆ ಇಬ್ಬರೂ ಮನೆಮಾತಾದ ಉರ್ದುವಿನಲ್ಲೇ ಮಾತಾಡಿದರು, ಮುಂದೆ ಜೆರ್ಸಿ ಸಿಟಿಯ ಬಾಡಿಗೆ ಮನೆಗೆ ಬಂದಾಗಲೂ, ಹಿಲ್ಸ್‌ಬರೋದಲ್ಲಿ ಸ್ವಂತ ಮನೆ ಕೊಂಡಾಗಲೂ ಉರ್ದುವಿನಲ್ಲೇ ಸಂಸಾರ ಮಾಡಿದರು. ಆದರೆ ಆ ಕನ್ನಡದ ಧ್ವನಿ ಅವಳಲ್ಲಿ ಹಾಗೇ ಉಳಿದುಕೊಂಡಿತ್ತು. ಅದನ್ನು ಅವಳು ಯಾರಿಗೂ ಹೇಳಲಿಲ್ಲ, ಗಂಡನಿಗಂತೂ ಹೇಳಲೇ ಇಲ್ಲ.

ಮಂಜೂರ್‌ಗೆ ನೆನಪಿದ್ದದ್ದು ಕಾರು. ಗಂಡಸರ ನೆನಪೇ ಹಾಗೆ. ನಾಲ್ಕು ವರ್ಷದ ಹಿಂದೆ ಪೆನ್ಸಿಲ್ವೇನಿಯಾದ ಹೊಲಮನೆಯೊಂದರ ಕೊಟ್ಟಿಗೆಯಲ್ಲಿ ಅದೇ ಮಾದರಿಯ, ಅರವತ್ತರ ದಶಕದ ಫಿಯೆಟ್ ಇದೆಯೆಂದು ಗೊತ್ತಾಗಿದ್ದೇ ಟ್ರೈಲರ್ ಬಾಡಿಗೆಗೆ ಹಿಡಿದು ಎಳೆದು ತಂದ. ಶನಿವಾರ ಭಾನುವಾರಗಳು ಅದರ ಪಾಲಾದವು. ಮೂರು ಮನೆ ಆಚೆಯ ಅನಸೂಯ ಅದಕ್ಕೆ ಸುರಯ್ಯಾಳ ಸವತಿ ಎಂದೇ ಹೆಸರಿಟ್ಟಳು. ಸವತಿಗೆ ಹೊಸ ಬಣ್ಣ ಬಂತು, ಹೊಸ ಸೀಟು ಬಂತು, ಇಂಜಿನ್ನೂ ಸರಿಹೋಯಿತು. ಉಳಿದದ್ದು ಟ್ಯಾಂಕ್ ಒಂದೇ. ವರ್ಷಗಟ್ಟಲೆ ನಿಂತ ಪೆಟ್ರೋಲು ಒಳಗೆ ಕೊಳೆತು, ತಗಡಿನ ಒಳಮೈಯೆಲ್ಲ ತುಕ್ಕು ಹಿಡಿದು ಹಕ್ಕಳೆ ಎದ್ದಿತ್ತು. ಮಂಜೂರ್ ಅದನ್ನು ಬಿಚ್ಚಿ, ಬರಿದು ಮಾಡಿ, ಗ್ಯಾರೇಜಿನ ಬೆಂಚಿನ ಮೇಲೆ ಬಾಯಿ ತೆರೆದು ಇಟ್ಟಿದ್ದ. ಅಷ್ಟರಲ್ಲಿ ಆ ಶುಕ್ರವಾರ ಬಂತು.

ಒಮಾಹಾಕ್ಕೆ ಹೊರಡುವ ಮುಂಚೆ ಅವನು ಕಾರನ್ನು ಮಾರುವ ಮಾತೂ ಮುಗಿಸಿದ. ಮಾರಿಸ್‌ಟೌನಿನ ನಿವೃತ್ತ ಮೇಷ್ಟರೊಬ್ಬರು, ಇಟಲಿ ಮೂಲದವರು, ಚಿಕ್ಕಂದಿನಲ್ಲಿ ತಾಯಿ ಓಡಿಸುತ್ತಿದ್ದ ಕಾರೆಂದು ಆಸೆಪಟ್ಟು ಬಂದಿದ್ದರು. ಟ್ಯಾಂಕ್ ತೊಳೆದು, ಒಳಗೆ ತುಕ್ಕು ತಡೆಯುವ ಸೀಲರ್ ಲೇಪಿಸಿ, ಓಡುವ ಸ್ಥಿತಿಯಲ್ಲಿ ಕೊಟ್ಟರೆ ಕೊಳ್ಳುತ್ತೇನೆ, ಅವಸರವಿಲ್ಲ, ಎಲೆ ಉದುರುವ ಕಾಲಕ್ಕೆ ಕೊಟ್ಟರೂ ಸಾಕು ಎಂದಿದ್ದರು. ಮಂಜೂರ್ ಹೂಂ ಅಂದ. ಹೂಂ ಅಂದ ರಾತ್ರಿ ಅವನು ಊಟದ ತಟ್ಟೆಯ ಮುಂದೆ ಅನ್ನ ಕಲಸುತ್ತಲೇ ಕೂತಿದ್ದನ್ನು ಸುರಯ್ಯಾ ನೋಡಿದ್ದಳು.

ಒಮಾಹಾದಲ್ಲಿ ಅವನಿದ್ದ ಅಪಾರ್ಟ್‌ಮೆಂಟಿನಲ್ಲಿ ಹೈದರಾಬಾದಿನ ಇನ್ನೂ ಮೂವರು ಕಾಂಟ್ರ್ಯಾಕ್ಟರುಗಳು ಇದ್ದರು. ಒಳ್ಳೆಯ ಹುಡುಗರೇ. ಆದರೆ ಗೋಡೆ ತೆಳ್ಳಗೆ, ಅವರ ಮಾತೂ ಉರ್ದುವೇ. ಹೆಂಡತಿಯ ಜೊತೆ ಮಂಜೂರ್ ಆಡಿದ ಒಂದೊಂದು ಮಾತೂ ಅವರಿಗೆ ತಿಳಿಯುತ್ತಿತ್ತು. ಒಮ್ಮೆ ಅವನು ಫೋನಿನಲ್ಲಿ ನಿದ್ದೆ ಬರುತ್ತಿಲ್ಲ ಎಂದು ಹೇಳಿದ್ದಕ್ಕೆ ಬೆಳಿಗ್ಗೆ ಅವರಲ್ಲೊಬ್ಬ ಬಿಸಿ ಹಾಲಿನ ಲೋಟ ತಂದಿಟ್ಟಿದ್ದನಂತೆ. ಕರುಣೆ ಎಂಬುದು ಕೆಲವೊಮ್ಮೆ ಬೈಗುಳಕ್ಕಿಂತ ಹೆಚ್ಚು ನಾಚಿಸುತ್ತದೆ. ಮಾರನೆಯ ಸಂಜೆ ಫೋನ್ ಎತ್ತಿದ ಸುರಯ್ಯಾಳ ಕಿವಿಗೆ ಬಿದ್ದದ್ದು ಕನ್ನಡ: "ಹಲೋ, ಊಟ ಆಯ್ತಾ?"

ಫೌಂಟನ್ ಸರ್ಕಲ್ಲಿನ ಆ ಧ್ವನಿ ಇಷ್ಟು ವರ್ಷದ ಮೇಲೆ ನೇರವಾಗಿ ಕಿವಿಗೇ ಬಂದಿತ್ತು.

ಸುರಯ್ಯಾಳ ಕನ್ನಡ ಸರ್ಕಾರಿ ಶಾಲೆಯದು, ಅದಕ್ಕಿಂತ ಹೆಚ್ಚಾಗಿ ಅಪ್ಪನ ಅಂಗಡಿಯದು. ಗಿರಾಕಿಗಳ ಜೊತೆ ಚೌಕಾಸಿ ಮಾಡಲು, ಪಕ್ಕದ ಮನೆಯವರಿಗೆ ಸಕ್ಕರೆ ಕೇಳಲು ಅದು ಧಾರಾಳವಾಗಿ ಸಾಕಿತ್ತು. ಗಂಡನ ಜೊತೆ ಮಾತಾಡಲು ಸಾಕಾಗುತ್ತದೋ ಇಲ್ಲವೋ ಅವಳು ಪರೀಕ್ಷಿಸಿರಲಿಲ್ಲ. ಮೊದಲ ದಿನಗಳಲ್ಲಿ ಇಬ್ಬರೂ ಬಸ್ ಸ್ಟ್ಯಾಂಡಿನಲ್ಲಿ ಭೇಟಿಯಾದವರಂತೆ ಬಹುವಚನದಲ್ಲೇ ಮಾತಾಡಿದರು. ಅವನನ್ನು ಏನೆಂದು ಕರೆಯುವುದು ಎಂಬುದೇ ಅವಳಿಗೆ ದೊಡ್ಡ ತೊಡಕಾಯಿತು. ಕೊನೆಗೆ ಅನಸೂಯ ತನ್ನ ಗಂಡನನ್ನು ಕರೆಯುವ ಹಾಗೆ, ತಮಾಷೆಗೆಂದು, ಒಂದು ಸಂಜೆ "ರೀ" ಅಂದುಬಿಟ್ಟಳು. ಆ ಕಡೆಯಿಂದ ಮಂಜೂರ್ ನಕ್ಕ. ಅವನು ನಕ್ಕು ಎಷ್ಟೋ ತಿಂಗಳಾಗಿತ್ತು. ಆಮೇಲೆ ಆ ಹೆಸರೇ ನಿಂತಿತು.

ಹೆಸರೇನೋ ನಿಂತಿತು, ಮಾತು ಮಾತ್ರ ಬತ್ತುತ್ತಾ ಬಂತು. ದೂರದಲ್ಲಿರುವ ಗಂಡನ ಜೊತೆ ದಿನಾ ಏನು ಮಾತಾಡುವುದು? ಊಟ, ಯುಸ್ರಾಳ ಪರೀಕ್ಷೆ, ಹಿಮ, ಹೀಟರ್ ರಿಪೇರಿ. ಅವನ ಕಡೆಯಿಂದ ಹೂಂ, ಹೌದಾ, ಸರಿ. ಬರಬರುತ್ತಾ ಫೋನು ಉಪ್ಪಿಲ್ಲದ ಗಂಜಿಯ ಹಾಗಾಯಿತು. ಮಗಳೂ ಅಷ್ಟೇ, ಅಪ್ಪ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲಿ ಫೈನ್ ಎಂದು ಹೇಳಿ ಫೋನನ್ನು ಅಮ್ಮನ ಕೈಗೆ ಕೊಟ್ಟು ಹೋಗುತ್ತಿದ್ದಳು. ಸುರಯ್ಯಾಳಿಗೆ ನಿಜವಾಗಿ ಹೆದರಿಕೆ ಹತ್ತಿದ್ದು ಆಗ. ಹಣದ ಹೆದರಿಕೆಯಲ್ಲ. ಒಂದು ದಿನ ಇವನು ಊರಿಗೆ ಬರುತ್ತಾನೆ, ಬಂದವನು ಯಾರೋ ಬೇರೆಯವನಾಗಿರುತ್ತಾನೆ ಎಂಬ ಹೆದರಿಕೆ.

ಟ್ಯಾಂಕಿನ ಕೆಲಸ ನಾನೇ ಮಾಡುತ್ತೇನೆ ಎಂದು ಅವಳು ಹೇಳಿದ್ದು ಏಪ್ರಿಲ್‌ನಲ್ಲಿ. ಮಂಜೂರ್ ಬೇಡವೆಂದ, ಅದು ಹೆಂಗಸರ ಕೆಲಸವಲ್ಲವೆಂದ, ಮೆಕ್ಯಾನಿಕ್‌ಗೆ ಕೊಡೋಣವೆಂದ. ಆಗ ಸುರಯ್ಯಾ ಅವನಿಗೊಂದು ಮಾತು ನೆನಪಿಸಿದಳು. "ನಾನು ಕಲಾಯಿ ರಹಮತುಲ್ಲಾ ಅವರ ಮಗಳು ರೀ. ಪಾತ್ರೆ ಒಳಗಿಂದ ಹೇಗೆ ತೊಳೀಬೇಕು ಅಂತ ನೀವು ನನಗೆ ಹೇಳ್ಬೇಡಿ."

ಅವಳ ಅಪ್ಪ ಮೈಸೂರಿನಲ್ಲಿ ಹಿತ್ತಾಳೆ ತಾಮ್ರದ ಪಾತ್ರೆಗಳಿಗೆ ಕಲಾಯಿ ಹಾಕುತ್ತಿದ್ದವರು. ಮದುವೆ ಮನೆಯ ದೊಡ್ಡ ಕೊಳದಪ್ಪಲೆ ಬಂದರೆ ಅಪ್ಪ ಅದರೊಳಗೆ ಗೋಣಿ ತುಂಡು, ಮರಳು, ಬೂದಿ ಹಾಕಿ, ಮೇಲೆ ನಿಂತು, ಗೋಡೆಯ ಗೂಟ ಹಿಡಿದು ಸೊಂಟ ತಿರುಗಿಸಿ ತಿರುಗಿಸಿ ಕಾಲಿನಿಂದಲೇ ಉಜ್ಜುತ್ತಿದ್ದರು. ಸುರಯ್ಯಾ ಮತ್ತವಳ ಅಕ್ಕ ಅದನ್ನು ನೋಡಿ ಬಿದ್ದು ಬಿದ್ದು ನಗುತ್ತಿದ್ದರು. ಆಮೇಲೆ ಕೆಂಡದ ಮೇಲೆ ಪಾತ್ರೆ, ತಿದಿಯ ಗಾಳಿ, ನವಸಾಗರದ ಪುಡಿ ಚೆಲ್ಲಿದಾಗ ಏಳುವ ಬಿಳಿ ಹೊಗೆ, ತವರದ ಕಡ್ಡಿಯನ್ನು ಒಂದು ಸಲ ಸವರಿ ಹತ್ತಿಯಿಂದ ಒರೆಸಿದರೆ ಒಳಗೆಲ್ಲ ಹುಣ್ಣಿಮೆ. ಅಪ್ಪನ ಅಂಗಡಿಯಲ್ಲಿ ಒಂದು ಕಟ್ಟಳೆ ಇತ್ತು. ಪಾತ್ರೆ ಯಾರ ಮನೆಯದೋ, ಅದರಲ್ಲಿ ಏನು ಕುದಿದಿದೆಯೋ, ಹೆಂಡ ಮುಟ್ಟಿದೆಯೋ ಏನೋ. ಆದ್ದರಿಂದ ಮೂರು ನೀರು ಬೀಳಬೇಕು. ನೀರು ಸುರಿಯುವುದು ಸುರಯ್ಯಾಳ ಕೆಲಸ. ಬಿಸ್ಮಿಲ್ಲಾ ಎಂದು ಒಂದು, ಎರಡು, ಮೂರು. ಸ್ಟೀಲು ಬಂದು ಕಲಾಯಿ ಹೋಯಿತು, ಅಪ್ಪನೂ ಹೋದರು, ಅವಳ ಕೈಯಲ್ಲಿ ಮೂರು ನೀರು ಮಾತ್ರ ಉಳಿಯಿತು.

ಗ್ಯಾರೇಜಿನ ಬಾಗಿಲನ್ನು ಪೂರ್ತಿ ಮೇಲೆತ್ತಿ, ಮಂಜೂರ್ ಹೇಳಿದ ಹಾಗೆ ರಬ್ಬರಿನ ಕೈಗವಸು ಹಾಕಿಕೊಂಡು ಅವಳು ಕೆಲಸಕ್ಕೆ ಇಳಿದಳು. ಮೊದಲು ಸೋಪು ನೀರು. ಆಮೇಲೆ ಟ್ಯಾಂಕಿನೊಳಗೆ ಹಿಡಿ ಹಿಡಿ ಸಣ್ಣ ಜಲ್ಲಿ ಸುರಿದು, ಬಾಯಿ ಮುಚ್ಚಿ, ಹಳೆಯ ರಜಾಯಿಯಲ್ಲಿ ಸುತ್ತಿ, ನೆಲದ ಮೇಲೆ ಆ ಕಡೆ ಈ ಕಡೆ ಉರುಳಾಡಿಸಿದಳು. ಜಲ್ಲಿ ಒಳಗೆ ಗರಗರ ತಿರುಗಿ ತುಕ್ಕನ್ನು ಕೆರೆಯಿತು. ಹೊರಗೆ ಸುರಿದಾಗ ಬಂದ ನೀರು ಕಾಫಿ ಗಸಿಯ ಬಣ್ಣದ್ದು. ಉಳಿದದ್ದನ್ನು ತಿನ್ನಲು ತುಕ್ಕಿನ ಆಸಿಡ್ ಹಾಕಿ ಇಟ್ಟಳು. ಮಾರನೆಯ ದಿನ ಟಾರ್ಚ್ ಬಿಟ್ಟು ನೋಡಿದರೆ ತಗಡು ಬೂದುಬಣ್ಣಕ್ಕೆ ತಿರುಗಿ ಮಿನುಗುತ್ತಿತ್ತು. ಸಂಜೆ ಫೋನಿನಲ್ಲಿ ಮಂಜೂರ್ ಎಲ್ಲವನ್ನೂ ಬಿಡಿಬಿಡಿಸಿ ಕೇಳಿದ. ಮೂಲೆಯಲ್ಲಿ ಹೇಗಿದೆ, ಪೈಪಿನ ಬಾಯಿಯ ಹತ್ತಿರ ಹೇಗಿದೆ, ಬೆರಳಿಗೆ ಏನು ಹತ್ತುತ್ತದೆ. ಅಂದು ಅವರು ಮಾತಾಡಿದ್ದು ಬಹಳ ಹೊತ್ತು. ಮೈಸೂರಿನ ಸೈಕಲ್ ಅಂಗಡಿ ಬಂತು, ಡಾಕ್ಟರ ಕಾರು ಬಂತು, ಅಪ್ಪನ ತಿದಿ ಬಂತು. ಮಾತು ಮುಗಿಸುವ ಹೊತ್ತಿಗೆ ಅವನ ನೀವು ಹೋಗಿ ನೀನು ಬಂದಿತ್ತು.

ಇನ್ನುಳಿದದ್ದು ಎರಡು ಹೆಜ್ಜೆ. ನೀರಿನ ಪಸೆ ಒಂದಿಷ್ಟೂ ಉಳಿಯದ ಹಾಗೆ ಒಳಗೆ ಸ್ಪಿರಿಟ್ ಹಾಕಿ ಕುಲುಕಿ ಚೆಲ್ಲಬೇಕು. ಒಣಗಿದ ಮೇಲೆ ಸೀಲರ್ ಸುರಿದು ಎಲ್ಲ ಮೂಲೆಗೂ ಹರಿಯುವಂತೆ ಟ್ಯಾಂಕನ್ನು ತಿರುಗಿಸಬೇಕು. ಸ್ಪಿರಿಟ್ಟಿನ ಡಬ್ಬದ ಮೇಲೆ ಆಲ್ಕೊಹಾಲ್ ಎಂದು ದಪ್ಪ ಅಕ್ಷರದಲ್ಲಿ ಬರೆದಿತ್ತು. ಸುರಯ್ಯಾ ಅದನ್ನು ಮನೆಯೊಳಗೆ ತರದೆ ಗ್ಯಾರೇಜಿನ ಹೊರಗೇ ಇಟ್ಟಿದ್ದಳು. ಹೇಳಿದಂತೆ ಹಾಕಿ, ಕುಲುಕಿ, ಚೆಲ್ಲಿದಳು. ಚೆಲ್ಲಿದವಳು ತೋಟದ ಪೈಪನ್ನು ಎತ್ತಿಕೊಂಡು, ಬಿಸ್ಮಿಲ್ಲಾ ಎಂದು, ಒಂದು, ಎರಡು, ಮೂರು ನೀರು ಹಾಕಿ ತೊಳೆದು, ಟ್ಯಾಂಕನ್ನು ಬೋರಲು ಹಾಕಿ ನಮಾಜಿಗೆ ಹೋದಳು. ಕೈ ತನ್ನಷ್ಟಕ್ಕೆ ಮಾಡಿತ್ತು. ಹೆಂಡ ಮುಟ್ಟಿದ ಪಾತ್ರೆಯನ್ನು ಹಾಗೇ ಇಡಲು ಆ ಕೈ ಕಲಿತೇ ಇರಲಿಲ್ಲ.

ಬೆಳಿಗ್ಗೆ ಟಾರ್ಚ್ ಬಿಟ್ಟರೆ ಒಳಗೆಲ್ಲ ಮೆಣಸಿನ ಪುಡಿ ಉದುರಿಸಿದ ಹಾಗೆ ಹೊಸ ತುಕ್ಕು. ಬರಿಮೈ ತಗಡಿಗೆ ನೀರು ಬಿದ್ದರೆ ಅಷ್ಟೇ ಸಾಕು, ರಾತ್ರಿ ಕಳೆಯುವುದರೊಳಗೆ ಕೆಂಪಾಗುತ್ತದೆ. ಸುರಯ್ಯಾಳಿಗೆ ತಕ್ಷಣ ತನ್ನ ತಪ್ಪು ಹೊಳೆಯಿತು, ಹೊಳೆದು ಹಣೆ ಚಚ್ಚಿಕೊಂಡಳು. ಆದರೆ ಸಂಜೆ ಮಂಜೂರ್‌ಗೆ ತುಕ್ಕು ಮತ್ತೆ ಬಂದಿದೆ ಎಂದು ಮಾತ್ರ ಹೇಳಿದಳು. ಕಾರಣ ಹೇಳಲು ನಾಚಿಕೆಯಾಯಿತು. ಅವನು ಬೈಯಲಿಲ್ಲ. ಹೌದಾ, ಎಲ್ಲೆಲ್ಲಿ, ಎಷ್ಟು, ಯಾವ ಬಣ್ಣ ಎಂದು ಕೇಳಿದ. ಮತ್ತೆ ಆಸಿಡ್ ಎಷ್ಟು ಹೊತ್ತು ಇಡಬೇಕು ಎಂದು ಲೆಕ್ಕ ಹಾಕಿದ. ಅವತ್ತೂ ಮಾತು ಉದ್ದಕ್ಕೆ ಹೋಯಿತು. ಫೋನಿಟ್ಟ ಮೇಲೆ ಸುರಯ್ಯಾ ಅಡಿಗೆಮನೆಯಲ್ಲಿ ಒಬ್ಬಳೇ ನಿಂತು ತನ್ನ ಮುಖದ ಮೇಲೆ ನಗು ಇರುವುದನ್ನು ಕಂಡುಕೊಂಡಳು.

ಎರಡನೆಯ ಸಲ ಆಸಿಡ್ ಆಯಿತು, ಸ್ಪಿರಿಟ್ ಆಯಿತು. ಟ್ಯಾಂಕ್ ಒಳಗೆ ಹೊಳೆಯುತ್ತಾ ಕುಳಿತಿತ್ತು. ಸೀಲರ್ ಡಬ್ಬದ ಮುಚ್ಚಳ ತೆರೆಯುವುದಷ್ಟೇ ಬಾಕಿ. ಸುರಯ್ಯಾ ಅದರ ಮುಂದೆ ಮೂರು ಕಾಲಿನ ಸ್ಟೂಲು ಹಾಕಿಕೊಂಡು ಕೂತಳು. ಇವತ್ತು ಸೀಲರ್ ಬಿದ್ದರೆ ಈ ವಾರದಲ್ಲಿ ಟ್ಯಾಂಕ್ ಕಾರಿಗೆ, ಮುಂದಿನ ವಾರ ಕಾರು ಮಾರಿಸ್‌ಟೌನಿಗೆ. ಆಮೇಲೆ ಫೋನಿನಲ್ಲಿ ಊಟ, ಪರೀಕ್ಷೆ, ಹವೆ. ಹೂಂ, ಹೌದಾ, ಸರಿ. ಅವಳು ಎದ್ದು ತೋಟದ ಪೈಪಿನ ನಲ್ಲಿ ತಿರುಗಿಸಿದಳು. ಈ ಸಲ ಬಿಸ್ಮಿಲ್ಲಾ ಹೇಳಲು ಬಾಯಿ ಬರಲಿಲ್ಲ. ಸುಮ್ಮನೆ ಮೂರು ನೀರು ಹಾಕಿದಳು.

ಹೀಗೆ ಬೇಸಿಗೆ ಕಳೆಯಿತು. ತುಕ್ಕು ಹೋಗುತ್ತಿತ್ತು, ತುಕ್ಕು ಬರುತ್ತಿತ್ತು. ಫೋನು ಪ್ರತಿ ಸಂಜೆ ಬರುತ್ತಿತ್ತು. ಅನಸೂಯ ಒಂದು ದಿನ ಕರಿಬೇವಿಗೆಂದು ಬಂದವಳು ಗ್ಯಾರೇಜಿನಲ್ಲಿ ಇವಳ ಅವತಾರ ನೋಡಿ, ಇದೇನು ಹೊಳೆಯಲ್ಲಿ ಹುಣಿಸೇಹಣ್ಣು ಕಿವುಚುವ ಕೆಲಸ ಮಾರಾಯಳೇ, ಸವತಿಗೆ ಇಷ್ಟು ಸ್ನಾನವೇ ಎಂದು ಹಾಸ್ಯ ಮಾಡಿದಳು. ಸುರಯ್ಯಾ ನಕ್ಕು ಅವಳಿಗೆ ಚಹಾ ಕೊಟ್ಟಳು. ಬೆಳಿಗ್ಗೆ ಡೇ ಕೇರ್‌ನ ಕೆಲಸದಲ್ಲಿ ಮಕ್ಕಳ ಮೂಗೊರೆಸುವುದು, ಮಧ್ಯಾಹ್ನ ಟ್ಯಾಂಕು, ಸಂಜೆ ಗಂಡ. ಯಾರಾದರೂ ಕೇಳಿದ್ದರೆ ಆ ದಿನಗಳು ಕಷ್ಟದ ದಿನಗಳೆಂದೇ ಹೇಳುತ್ತಿದ್ದಳು, ಅದು ಸುಳ್ಳೂ ಅಲ್ಲ. ಆದರೆ ಸಂಜೆಯಾಗುತ್ತಲೇ ಕನ್ನಡಿಯ ಮುಂದೆ ನಿಂತು ತಲೆ ಬಾಚಿಕೊಳ್ಳುತ್ತಿದ್ದಳು, ಫೋನಿನಲ್ಲಿ ಯಾರಿಗೆ ಕಾಣಬೇಕೆಂದೋ.

ರಂಜಾನ್ ಬಂದಾಗ ಮಾತ್ರ ಅವಳಿಗೆ ತಡೆಯಲಾಗಲಿಲ್ಲ. ನ್ಯೂಜೆರ್ಸಿಯಲ್ಲಿ ಸೂರ್ಯ ಮುಳುಗಿದರೂ ಒಮಾಹಾದಲ್ಲಿ ಇನ್ನೂ ಬಿಸಿಲು. ಇವಳು ಉಪವಾಸ ಬಿಟ್ಟಾಗ ಅವನಿನ್ನೂ ಒಂದು ಗಂಟೆಗೂ ಮಿಕ್ಕಿ ಕಾಯಬೇಕು. ಹೊತ್ತಾದ ತಕ್ಷಣ ಉಪವಾಸ ಬಿಡಬೇಕೆಂಬುದು ಧರ್ಮ, ಆದ್ದರಿಂದ ಒಂದು ಖರ್ಜೂರ ತಿಂದು ನೀರು ಕುಡಿಯುತ್ತಿದ್ದಳು. ಊಟಕ್ಕೆ ಮಾತ್ರ ಕೈ ಹೋಗುತ್ತಿರಲಿಲ್ಲ. ಯುಸ್ರಾಳಿಗೆ ಬಡಿಸಿ, ತಾನು ಫೋನು ಹಿಡಿದು ಗ್ಯಾರೇಜಿನ ಮೆಟ್ಟಿಲ ಮೇಲೆ ಕೂರುತ್ತಿದ್ದಳು. ಅವನ ಕಡೆ ಸೂರ್ಯ ಇಳಿಯುವವರೆಗೆ ಟ್ಯಾಂಕಿನ ಮಾತು. ಇಳಿದಾಗ ಅವನು ಖರ್ಜೂರ ಬಾಯಿಗೆ ಹಾಕಿಕೊಂಡದ್ದು ಕೇಳಿಸುತ್ತಿತ್ತು, ಆ ಮೇಲಿನ ಗುಟುಕು ನೀರೂ ಕೇಳಿಸುತ್ತಿತ್ತು. ಒಂದು ಸಂಜೆ ನೀರು ಕುಡಿದು ಅವನು ಲೋಟ ಕೆಳಗಿಟ್ಟ. ಆಮೇಲೆ, "ಸುರಯ್ಯಾ, ಇಲ್ಲಿ ಯಾವ ರುಚೀನೂ ಗೊತ್ತಾಗಲ್ಲ," ಅಂದ. ಅಷ್ಟೇ ಅಂದದ್ದು. ಅವಳು ಗ್ಯಾರೇಜಿನೊಳಗೆ ತಿರುಗಿ ಟ್ಯಾಂಕನ್ನು ನೋಡಿದಳು. ಇಷ್ಟು ದಿನ ತಾನು ಅವನ ಧ್ವನಿಯನ್ನು ಹತ್ತಿರ ಇಟ್ಟುಕೊಂಡೆನೆಂದು ಬೀಗಿದ್ದಳು. ಮನುಷ್ಯ ಅಲ್ಲಿ ದೂರದಲ್ಲೇ ಉಳಿದಿದ್ದಾನೆ, ಬಡಕಲಾಗುತ್ತಿದ್ದಾನೆ ಎಂಬುದು ಅವಳಿಗೆ ಆಗ ತಟ್ಟಿತು.

ಈದ್‌ಗೆ ರಜೆ ಸಿಕ್ಕಿತು. ಮಂಜೂರ್ ನ್ಯೂವರ್ಕ್ ವಿಮಾನ ನಿಲ್ದಾಣದಲ್ಲಿ ಇಳಿದಾಗ ಪ್ಯಾಂಟು ಬೆಲ್ಟಿನ ಹೊಸ ತೂತಿನಲ್ಲಿ ನಿಂತಿತ್ತು. ಮನೆಗೆ ಬಂದ, ಮಗಳನ್ನು ತಬ್ಬಿಕೊಂಡ, ನಮಾಜಿಗೆ ಹೋಗಿ ಬಂದ, ಬಿರಿಯಾನಿ ತಿಂದ, ಬಂದ ನೆಂಟರನ್ನು ಮಾತಾಡಿಸಿದ. ಎಲ್ಲವೂ ಉರ್ದುವಿನಲ್ಲಿ. ಕಾಯುತ್ತಿದ್ದವಳಿಗೆ ಇದೊಂದು ವಿಚಿತ್ರ ಶಿಕ್ಷೆಯಾಯಿತು: ಗಂಡ ಕಣ್ಣೆದುರಿಗೆ ಸೋಫಾದ ಮೇಲೆ ಕೂತಿದ್ದಾನೆ, ಫೋನಿನಲ್ಲಿದ್ದವನು ಎಲ್ಲೋ ಹೋಗಿದ್ದಾನೆ. ಇಬ್ಬರಿಗೂ ಏನೋ ಸಂಕೋಚ. ಉಪ್ಪು ಕೊಡು, ಟವಲ್ ಎಲ್ಲಿದೆ, ಇಷ್ಟೇ ಮಾತು. ಅವನು ಗ್ಯಾರೇಜಿನ ಕಡೆಗೆ ಎರಡು ದಿನ ತಲೆಯನ್ನೂ ಹಾಕಲಿಲ್ಲ.

ಮೂರನೆಯ ದಿನ ಬೆಳಿಗ್ಗೆ ಯುಸ್ರಾ ಶಾಲೆಗೆ ಹೋದ ಮೇಲೆ ಸುರಯ್ಯಾ ತಾನೇ ಅವನನ್ನು ಕರೆದಳು. ಟ್ಯಾಂಕನ್ನು ಅವಳು ಹಿಂದಿನ ವಾರವೇ ಸಿದ್ಧ ಮಾಡಿ ಇಟ್ಟಿದ್ದಳು. ಆಸಿಡ್, ನೀರು, ಕೊನೆಗೆ ಸ್ಪಿರಿಟ್. ಸ್ಪಿರಿಟ್ ಆದ ಮೇಲೆ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತು ಬ್ಲೋವರ್‌ನ ಗಾಳಿಯಲ್ಲಿ ಒಣಗಿಸಿದ್ದಳು. ಮಂಜೂರ್ ಟಾರ್ಚ್ ಬಿಟ್ಟು ಒಳಗೆ ಬಹಳ ಹೊತ್ತು ನೋಡಿದ. ಅವನ ಮುಖದಲ್ಲಿ ಸಂತೋಷವೂ ಇರಲಿಲ್ಲ, ಆಶ್ಚರ್ಯವೂ ಇರಲಿಲ್ಲ. ಸೀಲರ್ ಡಬ್ಬ ತೆರೆದು ಒಳಗೆ ಸುರಿದು, ತೂತುಗಳಿಗೆಲ್ಲ ಬಿರಡೆ ಹಾಕಿ ಟೇಪು ಸುತ್ತಿದ. ಇನ್ನು ಟ್ಯಾಂಕನ್ನು ತಿರುಗಿಸಬೇಕು, ಬಲು ನಿಧಾನಕ್ಕೆ, ಎಲ್ಲ ದಿಕ್ಕಿಗೂ. ಮಧ್ಯೆ ಕೆಳಗಿಡುವ ಹಾಗಿಲ್ಲ. ಇಟ್ಟರೆ ಒಂದೇ ಕಡೆ ಗಟ್ಟಿಯಾಗಿ ಕೂತುಬಿಡುತ್ತದೆ. ಆ ತುದಿ ಅವನು, ಈ ತುದಿ ಅವಳು ಹಿಡಿದರು.

ಒಳಗೆ ಲೇಪ ಪಾಯಸದ ಹಾಗೆ ಮಂದವಾಗಿ ಸರಿಯುತ್ತಿರುವುದು ಇಬ್ಬರ ಕೈಗೂ ತಿಳಿಯುತ್ತಿತ್ತು. ಹೊರಗೆ ಯಾರದೋ ಹುಲ್ಲು ಕತ್ತರಿಸುವ ಯಂತ್ರ. ತಿರುಗಿಸುತ್ತಾ ತಿರುಗಿಸುತ್ತಾ ಸುರಯ್ಯಾ ಅವನ ಮುಖ ನೋಡದೆ ಕನ್ನಡದಲ್ಲಿ ಶುರುಮಾಡಿದಳು.

"ರೀ."

ಅವನು ತಲೆಯೆತ್ತಿದ.

"ತುಕ್ಕು ತಾನಾಗಿ ಬರ್ತಿರ್ಲಿಲ್ಲ. ನೀರು ನಾನೇ ಹಾಕ್ತಿದ್ದೆ. ಸ್ಪಿರಿಟ್ ಆದ್ಮೇಲೆ. ಮೊದಲ್ನೇ ಸಲ ಅಪ್ಪನ ಅಂಗಡಿ ಅಭ್ಯಾಸ, ಗೊತ್ತಾಗದೆ ಆಯ್ತು. ಆಮೇಲೆ ಎಲ್ಲಾ ಬೇಕೂಂತಲೇ."

ಮಂಜೂರ್ ತಿರುಗಿಸುವುದನ್ನು ನಿಲ್ಲಿಸಲಿಲ್ಲ. ಅವನ ಕಡೆ ಮೇಲಕ್ಕೆ ಬಂತು, ಅವಳ ಕಡೆ ಕೆಳಕ್ಕೆ ಇಳಿಯಿತು.

"ಗೊತ್ತಿತ್ತು," ಅಂದ.

"ಏನು ಗೊತ್ತಿತ್ತು?"

"ನೀರು ಹಾಕ್ತಿದೀಯ ಅಂತ. ಎರಡನೇ ಸಲವೇ ಗೊತ್ತಾಯ್ತು. ಸ್ಪಿರಿಟ್ ಹಾಕಿದ ತಗಡು ಒಂದೇ ರಾತ್ರೀಲಿ ಹಾಗೆ ಕೆಂಪಗಾಗಲ್ಲ."

"ಮತ್ತೆ ಯಾಕ್ರೀ ಹೇಳ್ಲಿಲ್ಲ?"

"ಹೇಳಿದ್ರೆ ನೀನು ಸರಿ ಮಾಡ್ಬಿಡ್ತಿದ್ದೆ."

ಸುರಯ್ಯಾಳಿಗೆ ಅಳು ಬಂತು. ಕಣ್ಣೊರೆಸಿಕೊಳ್ಳಲು ಕೈ ಖಾಲಿ ಇರಲಿಲ್ಲ. ಅವನದೂ ಅದೇ ಪಾಡು. ಅವನ ಮೂಗಿನ ತುದಿಯಿಂದ ಒಂದು ಹನಿ ಟ್ಯಾಂಕಿನ ಮೇಲೆ ಬಿತ್ತು. ನೀರು ಹೊರಗೆ ಬಿದ್ದರೆ ಪರವಾಗಿಲ್ಲ ಎಂದು ಅವನು ಹೇಳಿದ, ಅವಳು ಅಳುತ್ತಲೇ ನಕ್ಕಳು. ತೋಳು ಸೋತರೂ ಇಬ್ಬರೂ ಬಿಡಲಿಲ್ಲ. ಲೇಪ ಎಲ್ಲ ಕಡೆ ಕೂತು, ಮಿಕ್ಕದ್ದನ್ನು ಸುರಿದು ತೆಗೆಯುವ ಹೊತ್ತು ದಾಟಿದ ಮೇಲೂ ಸ್ವಲ್ಪ ತಿರುಗಿಸಿದರು.

ಲೇಪ ಗಟ್ಟಿಯಾಗುವವರೆಗೆ ಮಂಜೂರ್ ಇದ್ದ. ಹೊರಡುವ ಹಿಂದಿನ ದಿನ ಟ್ಯಾಂಕನ್ನು ಕೂರಿಸಿ, ಪೆಟ್ರೋಲು ಹಾಕಿ, ಕೀಲಿ ತಿರುಗಿಸಿದ. ಸವತಿ ಕೆಮ್ಮಲೂ ಇಲ್ಲ, ಒಂದೇ ಸಲಕ್ಕೆ ಎದ್ದಳು. ಸುರಯ್ಯಾ ಹಿಂದಿನ ಸೀಟಿನಲ್ಲೇ ಕೂತುಕೊಳ್ಳುತ್ತೇನೆಂದು ಹಟ ಹಿಡಿದಳು, ದುಪಟ್ಟಾವನ್ನು ಹಣೆಯವರೆಗೆ ಎಳೆದುಕೊಂಡಳು. ಅವನು ಅವಳನ್ನು ಜೋಳದ ಹೊಲಗಳ ನಡುವಿನ ರಸ್ತೆಯಲ್ಲಿ ದೊಡ್ಡದೊಂದು ಸುತ್ತು ಹಾಕಿಸಿ ಕರೆತಂದ. ಕಾರು ಎಲ್ಲೂ ನಿಲ್ಲಲಿಲ್ಲ. ನಿಲ್ಲಬಾರದಾಗಿತ್ತೆ ಎಂದು ಅವಳಿಗೆ ಒಳಗೊಳಗೆ ಅನ್ನಿಸಿತು.

ಅವನು ಒಮಾಹಾಕ್ಕೆ ಹೋದ. ಅದೇ ವಾರ ಮಾರಿಸ್‌ಟೌನಿನ ಮೇಷ್ಟರು ಬಂದು, ಸ್ಟೀರಿಂಗಿನ ಮೇಲೆ ಕೈ ಸವರಿ, ತಾವೇ ಓಡಿಸಿಕೊಂಡು ಹೋದರು. ಒಳ್ಳೆಯ ಮನುಷ್ಯರು, ತಿರುವಿನಲ್ಲಿ ಹಾರ್ನ್ ಮಾಡಿದರು. ಸುರಯ್ಯಾ ಗ್ಯಾರೇಜಿಗೆ ಹಿಂತಿರುಗಿದಾಗ ಅಲ್ಲಿ ಎಣ್ಣೆಯ ಕಲೆ, ಮಡಿಸಿಟ್ಟ ರಜಾಯಿ, ಬೆಂಚಿನ ಮೇಲೆ ಟ್ಯಾಂಕ್ ಇದ್ದ ಜಾಗದಲ್ಲಿ ಧೂಳಿಲ್ಲದ ಒಂದು ಚೌಕ ಇದ್ದವು. ಅವಳು ರಜಾಯಿಯನ್ನು ಒಗೆಯಲು ಹಾಕಿ, ಯುಸ್ರಾಳಿಗೆ ದೋಸೆ ಹುಯ್ದು ಕೊಟ್ಟಳು. ಸಂಜೆ ತಲೆ ಬಾಚಿಕೊಂಡಳು.

ಫೋನು ಬಂತು. ಕಾರು ಹೋಯಿತೆಂದು ಅವನಿಗೆ ಮಧ್ಯಾಹ್ನವೇ ತಿಳಿಸಿದ್ದಳು, ಹೇಳಲು ಬೇರೇನೂ ಉಳಿದಿರಲಿಲ್ಲ. ಅವಳು ಗ್ಯಾರೇಜಿನ ಮೆಟ್ಟಿಲ ಮೇಲೆ ಕೂತು ಫೋನನ್ನು ಕಿವಿಗೊತ್ತಿಕೊಂಡಳು. ಆ ಕಡೆ ತೆಳುಗೋಡೆಯಾಚೆ ಹೈದರಾಬಾದಿನ ಹುಡುಗರ ಟೀವಿ ಸದ್ದು. ಮಂಜೂರ್ ಒಮ್ಮೆ ಗಂಟಲು ಸರಿಮಾಡಿಕೊಂಡ. ಅವನು ಹೂಂ ಅನ್ನುತ್ತಾನೋ, ಊಟ ಆಯಿತಾ ಅನ್ನುತ್ತಾನೋ ಎಂದು ಅವಳು ಕಾದಳು.

"ಸುರಯ್ಯಾ," ಅಂದ, "ಟ್ಯಾಂಕ್ ಹೇಗಿದೆ?"

ಅವಳು ಖಾಲಿ ಬೆಂಚನ್ನು ನೋಡಿದಳು.

"ಮೂಲೇಲಿ ಇನ್ನೂ ಒಂಚೂರು ತುಕ್ಕಿದೆ ರೀ," ಅಂದಳು.

"ಹೌದಾ," ಅಂದ ಮಂಜೂರ್. ಅವನು ಕುರ್ಚಿ ಎಳೆದುಕೊಂಡು ಕೂತದ್ದು ಕೇಳಿಸಿತು. "ಯಾವ ಮೂಲೆ, ಹೇಳು."